ನಮ್ಮ ಕನ್ನಡ ಸಾಲಿಯ ಮಹಾನವಮಿ: ಒಂದು ಹಿನ್ನೋಟ



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹಳೆಯ ಸಂಗತಿ ಏನಾದರೂ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ಗುಡಿಯ ಚರಿತ್ರೆ ಬರೆಯೋಣವೆಂದರೆ ಅದನ್ನು ನಮಗಿಂತ ಬಲ್ಲವರಿದ್ದಾರೆ. ಸಂಘ ಹುಟ್ಟಿ ಬೆಳೆದ ಕಥೆ ಬೇರೆ ಪುಟಗಳಲ್ಲಿ ಬಂದಿದೆ. ಹೀಗಾಗಿ ನಾವು ಕೆಲವರು ಕೂಡಿ ಸಾಲಿಯ ವಿಷಯ ಆರಿಸಿಕೊಂಡೆವು. ನಮ್ಮ ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡುವ ಸದಸ್ಯರೆಲ್ಲ ಆ ಸಹಿ ಕಲಿತದ್ದು ಊರ ಕನ್ನಡ ಸಾಲಿಯಲ್ಲಿಯೇ. ಆ ಋಣ ದೊಡ್ಡದು.

ಸಾಲಿಯ ಇಡೀ ಚರಿತ್ರೆ ಬರೆಯಲು ಇಲ್ಲಿ ಜಾಗವಿಲ್ಲ. ವರ್ಷದಲ್ಲಿ ಎರಡು ತಿಂಗಳ ಮಾತು ಮಾತ್ರ ಬರೆಯುತ್ತೇವೆ. ಮಹಾನವಮಿಯ ಘಟ ಕೂಡ್ರಿಸಿದ ದಿನದಿಂದ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯವರೆಗಿನ ದಿನಗಳು ಇವು. ಊರೂ ಸಾಲಿಯೂ ಒಂದಕ್ಕೊಂದು ಹತ್ತಿರ ಬರುವುದು ಈ ದಿನಗಳಲ್ಲೇ. ಸಾಲಿ ಖಾಲಿ ಆಗಲಿಕ್ಕೆ ಸುರುವಾಗುವುದೂ ಈ ದಿನಗಳಲ್ಲೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ನಮ್ಮ ಸದಸ್ಯರ ಬೀಗತನ ಹಬ್ಬಿದೆ. ಬೀಗರ ಊರಿಗೆ ಹೋದಾಗೆಲ್ಲ ವಿಚಾರಿಸಿದೆವು. ಎಲ್ಲ ಕಡೆಯೂ ಅದೇ ಮಾತು.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಸರಕಾರಿ ಸಾಲಿ ಬರುವ ಮೊದಲು ನಮ್ಮ ಕಡೆ ಇದ್ದದ್ದು ಗಾಂವಠಿ ಸಾಲಿ. ಮಠದಲ್ಲಿಯೋ, ಗುಡಿಯ ಪೌಳಿಯಲ್ಲಿಯೋ, ಉಳ್ಳವರ ಪಡಸಾಲಿಯಲ್ಲಿಯೋ ಒಬ್ಬ ಅಯ್ಯನವರು ಅಥವಾ ಪಂತೋಜಿ ಹತ್ತಿಪ್ಪತ್ತು ಹುಡುಗರನ್ನು ಕೂಡ್ರಿಸಿಕೊಂಡು ಕಲಿಸುತ್ತಿದ್ದರು. ಸಾಲಿಮಠ ಎಂಬ ಅಡ್ಡಹೆಸರಿನ ಮನೆತನಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ ನೋಡಿರಿ. ಆ ಹೆಸರೇ ಒಂದು ಶಾಸನ ಇದ್ದ ಹಾಗೆ. ಕಾಗದ ಇರಲಿಲ್ಲ. ಮಣ್ಣು ಹರವಿ ಅದರ ಮೇಲೆ ಬೆರಳಿನಿಂದ ತಿದ್ದುವುದು, ಕೂಗಿ ಬಾಯಿಪಾಠ ಮಾಡುವುದು, ತಪ್ಪಿದರೆ ಕಿವಿ ಹಿಂಡಿಸಿಕೊಳ್ಳುವುದು, ಇಷ್ಟೇ ವಿದ್ಯೆಯ ಹಾದಿ.

ಪಂತೋಜಿಗೆ ಪಗಾರ ಯಾರು ಕೊಡುತ್ತಿದ್ದರು? ಊರೇ ಕೊಡುತ್ತಿತ್ತು, ಅದೂ ಹೆಚ್ಚಾಗಿ ಕಾಳಿನ ರೂಪದಲ್ಲಿ. ಅಮಾವಾಸ್ಯೆ ಹುಣ್ಣಿಮೆಗೆ ಹಿಟ್ಟು, ಬೇಳೆ, ಬೆಲ್ಲ. ರಾಶಿಯ ಕಾಲಕ್ಕೆ ಜೋಳ. ಮಹಾನವಮಿಗೆ ಹಬ್ಬದ ಕಾಣಿಕೆ. ಕರಾವಳಿಯ ಕಡೆ ನವರಾತ್ರಿಯಲ್ಲಿ ಐಗಳು ಹುಡುಗರ ಕೈಯಲ್ಲಿ ಹೂವಿನಕೋಲು ಕೊಟ್ಟು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಹಳೆ ಮೈಸೂರಿನ ಕಡೆ ಚೌಪದ ಹೇಳಿಸುತ್ತಿದ್ದರು. ಹೆಸರು ಬೇರೆ, ಹಾಡು ಬೇರೆ, ಆದರೆ ಹುರುಳು ಒಂದೇ. ವರ್ಷಕ್ಕೊಮ್ಮೆ ಗುರು ತನ್ನ ಶಿಷ್ಯರೊಡನೆ ಊರಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ತನ್ನ ಮಗ ಏನು ಕಲಿತ ಅನ್ನುವುದನ್ನು ತಾಯಿ ಹೊಸ್ತಿಲ ಒಳಗೆ ನಿಂತು ಕೇಳುತ್ತಿದ್ದಳು. ಮೆಚ್ಚಿದರೆ ಮರದ ತುಂಬ ಕಾಳು ಹಾಕುತ್ತಿದ್ದಳು. ಈಗಿನ ಪಾಲಕರ ಸಭೆ ಅನ್ನುವುದು ಅಂದು ಹೀಗೆ ನಡೆಯುತ್ತಿತ್ತು ಎಂದರೆ ತಪ್ಪಾಗಲಾರದು.

ಆ ಸಾಲಿಯಲ್ಲಿ ಕಲಿಸುತ್ತಿದ್ದ ಒಂದು ಸಂಗತಿಯನ್ನು ಸಹಕಾರಿ ಸಂಘದ ಸದಸ್ಯರಾದ ನಾವು ಮರೆಯಬಾರದು. ಮಗ್ಗಿ ಅಂದರೆ ಎರಡೊಂದ್ಲೆ ಎರಡು ಅಷ್ಟೇ ಅಲ್ಲ. ಪಾವಕಿ, ನಿಮಕಿ, ಸವಾಯಿಕಿ, ದೀಡಕಿ ಎಂದು ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳಿದ್ದವು. ಹುಡುಗರು ಇವನ್ನು ರಾಗ ಮಾಡಿ ಕೂಗುತ್ತಿದ್ದರು. ಇದೇ ಸವಾಯಿ, ಇದೇ ದೀಡಿ ಅವರ ಅಪ್ಪಂದಿರ ಕೊರಳಿಗೂ ಬಿದ್ದಿತ್ತು. ಬಿತ್ತಿಗಿ ಕಾಲಕ್ಕೆ ಸಾವುಕಾರನ ಹತ್ತಿರ ನಾಲ್ಕು ಚೀಲ ಕಾಳು ತಂದರೆ ರಾಶಿಗೆ ಐದು ಚೀಲ ಅಳೆಯುವುದು ಸವಾಯಿ, ಆರು ಚೀಲ ಅಳೆಯುವುದು ದೀಡಿ. ಲೆಕ್ಕ ಬರದವನ ಮನೆಯಲ್ಲಿ ಸವಾಯಿ ತಾನೇ ದೀಡಿ ಆಗುತ್ತಿತ್ತು. ಹಿಂಗಾರಿ ಬಿತ್ತುವ ಈ ಹಂಗಾಮಿನಲ್ಲೇ ಸಾಲ ಎತ್ತುವುದು. ಮಗ ಸಾಲಿಯಲ್ಲಿ ಸವಾಯಿಕಿ ಕೂಗುವ ಹೊತ್ತಿಗೆ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಸವಾಯಿಗೆ ಹೆಬ್ಬೆಟ್ಟು ಒತ್ತುತ್ತಿದ್ದ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದು ಈ ಕಟ್ಟೆಯಿಂದ ರೈತನನ್ನು ಎಬ್ಬಿಸಲಿಕ್ಕೆ. ನಮ್ಮ ಬಿಜಾಪುರದಲ್ಲಿ ಡಾ. ಫ.ಗು. ಹಳಕಟ್ಟಿಯವರು (1880–1964) 1910ರಲ್ಲಿ ವಿದ್ಯಾಸಂಸ್ಥೆಗೆ ಕೈಹಾಕಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಕೈಹಾಕಿದರು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಆ ಮಹಾನುಭಾವರು ಸಾಲಿ ಮತ್ತು ಸಾಲ ಎರಡನ್ನೂ ಒಟ್ಟಿಗೇ ನೋಡಿದ್ದರು. ನಾವು ಆಮೇಲೆ ಎರಡನ್ನೂ ಬೇರೆ ಬೇರೆ ಮಾಡಿಕೊಂಡೆವು. ಆ ಮಾತಿಗೆ ಮುಂದೆ ಬರುತ್ತೇವೆ.

ಸರಕಾರಿ ಕನ್ನಡ ಸಾಲಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮುಂಬಯಿ ಇಲಾಖೆಯಲ್ಲಿ ನಮ್ಮ ಕನ್ನಡ ಹುಡುಗರಿಗೆ ಮರಾಠಿ ಕಲಿಸುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಹಟ ಹಿಡಿದು ಕನ್ನಡ ಸಾಲಿಗಳನ್ನು ತೆರೆಸಿದರು. ಆಗ ನಮ್ಮದು ಕಲಾದಗಿ ಜಿಲ್ಲೆ. 1876–78ರ ದೊಡ್ಡ ಬರದಲ್ಲಿ ಊರಿಗೆ ಊರೇ ಹಾಳಾದ ಮೇಲೆ, 1885ರ ಸುಮಾರಿಗೆ ಕಚೇರಿಗಳು ಬಿಜಾಪುರಕ್ಕೆ ಬಂದವು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ ಸಾಲಿಗಳ ಆಡಳಿತ ಲೋಕಲ್ ಬೋರ್ಡಿನ ಕೈಗೆ ಬಂತು. 1956ರ ನವೆಂಬರ್ 1ಕ್ಕೆ ಏಕೀಕರಣವಾಗಿ ನಾವು ಮೈಸೂರು ರಾಜ್ಯ ಸೇರಿದೆವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಆಯಿತು. ಮಗುವನ್ನು ಸಾಲಿಗೆ ಕಳಿಸುವುದು ಪಾಲಕರ ಕರ್ತವ್ಯ ಎಂದು ಸರಕಾರ ಹೇಳಿತು. ಕಾಯ್ದೆ ಬಂದಷ್ಟು ಬೇಗ ಹುಡುಗರು ಬರಲಿಲ್ಲ, ಅದು ಬೇರೆ ಮಾತು.

ಹಳೆಯ ಕನ್ನಡ ಸಾಲಿಯ ಮಾಸ್ತರರ ಬಗ್ಗೆ ಎರಡು ಮಾತು ಬರೆಯದೆ ಮುಂದೆ ಹೋಗಲು ಮನಸ್ಸು ಬಾರದು. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರ ಹೆಸರು ನಾಡಿಗೆಲ್ಲ ಗೊತ್ತು. ಅವರಲ್ಲಿ ಚಡಚಣದ ಸಿಂಪಿ ಲಿಂಗಣ್ಣನವರು (1905–1993) ಪ್ರಾಥಮಿಕ ಸಾಲಿಯ ಮಾಸ್ತರರು. ಮಧುರಚೆನ್ನರು (1903–1953) ಮುಲ್ಕಿ ಪಾಸಾದವರು. ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಜೊತೆಗಾರರು. ಇವರು ಮಾಡಿದ್ದೇನು? ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಕೂತ ತಾಯಂದಿರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅಕ್ಷರ ಬಾರದ ಅವ್ವಂದಿರು ಹಾಡುವುದು, ಅಕ್ಷರ ಬಲ್ಲವರು ಅವರ ಮುಂದೆ ಕೂತು ಬರೆದುಕೊಳ್ಳುವುದು! ಮನೆ ಸಾಲಿಗೆ ಏನು ಕೊಡಬಲ್ಲದು ಎಂದು ಕೇಳುವವರಿಗೆ ನಾವು ಈ ಪುಸ್ತಕ ತೋರಿಸುತ್ತೇವೆ.

ಅತ್ತ ಆಗಿನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಹರ್ಡೇಕರ ಮಂಜಪ್ಪನವರು (1886–1947) ಬಂದು ನೆಲೆಸಿ ವಿದ್ಯಾಲಯ ನಡೆಸಿದರು. ಅವರೂ ಮೊದಲು ಶಿರಸಿಯಲ್ಲಿ ಪ್ರಾಥಮಿಕ ಸಾಲಿಯ ಮಾಸ್ತರರಾಗಿದ್ದವರೇ. ಸಿಂದಗಿ ತಾಲೂಕಿನ ಯರಗಲ್ಲದ ಸಾಲಿಯಲ್ಲಿ ಕಲಿತ ಹುಡುಗನೊಬ್ಬ ಮುಂದೆ ಡಾ. ಎಂ.ಎಂ. ಕಲಬುರ್ಗಿ (1938–2015) ಆಗಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯ ಕುರ್ಚಿಯಲ್ಲಿ ಕೂತರು. ನಮ್ಮ ಸೀಮೆಯ ಕನ್ನಡ ಸಾಲಿ ಸಣ್ಣದಲ್ಲ ಎಂದು ಹೇಳಲಿಕ್ಕೆ ಇಷ್ಟು ಬರೆದೆವು.

ಇನ್ನು ನಾವೇ ಸಾಲಿಗೆ ಹೋಗುತ್ತಿದ್ದ ದಿನಗಳು. 1960, 70ರ ದಶಕದ ಮಾತು. ಸಾಲಿಗೆ ಸ್ವಂತ ಕೋಲಿ ಎರಡೇ. ಉಳಿದ ಇಯತ್ತೆಗಳು ಹನುಮಂತದೇವರ ಗುಡಿಯಲ್ಲಿ, ಚಾವಡಿಯಲ್ಲಿ. ಭಾದ್ರಪದದ ಜೋಕುಮಾರ ಮುಗಿದು ಮಾರನಾಮಿ ಅಮಾಸಿ ಬರುತ್ತಲೇ ಮಾಸ್ತರರು ಒಂದು ಶನಿವಾರ ಹೇಳುತ್ತಿದ್ದರು: “ಸೋಮವಾರ ಸಾಲಿ ಸಾರಸೋದೈತಿ. ಹೆಣ್ಣಹುಡುಗ್ಯಾರು ಸೆಗಣಿ ತರ್ರಿ, ಗಂಡಹುಡುಗ್ರು ನೀರ ತರ್ರಿ.” ಆ ದಿನ ಪಾಠ ಇಲ್ಲ. ಯಾರ ಮನೆಯಿಂದಲೋ ಕೆಮ್ಮಣ್ಣು, ಯಾರ ಮನೆಯಿಂದಲೋ ಸುಣ್ಣ. ಮಧ್ಯಾಹ್ನದ ಹೊತ್ತಿಗೆ ಒಬ್ಬಿಬ್ಬರು ತಾಯಂದಿರೇ ಬಂದು, “ಹುಡುಗ್ರ ಕೈಲೆ ಏನ್ ಆಕ್ಕೈತ್ರಿ ಮಾಸ್ತರ, ಸರೀರಿ” ಎಂದು ಸೀರೆ ಕಚ್ಚೆ ಕಟ್ಟಿ ನೆಲ ಸಾರಿಸಿ, ಅಂಚಿಗೆ ರಂಗೋಲಿ ಎಳೆದು ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ಸಾಲಿ ಕಲಿತವರಲ್ಲ. ವರ್ಷದಲ್ಲಿ ಆ ಒಂದು ದಿನ ಮಾತ್ರ ಅವರು ಸಾಲಿಯ ಒಳಗೆ ಕಾಲಿಡುತ್ತಿದ್ದರು, ಅದೂ ಸಾರಿಸಲಿಕ್ಕೆ.

ಖಂಡೆ ಪೂಜೆಯ ದಿನ ರೈತ ಕುರಿಗಿ ಕುಂಟಿ ಪೂಜೆ ಮಾಡಿದರೆ, ಬಡಿಗ ಬಾಚಿ ಉಳಿ ಪೂಜೆ ಮಾಡಿದರೆ, ನಾವು ಪಾಟಿ ಪೂಜೆ ಮಾಡುತ್ತಿದ್ದೆವು. ಇದ್ದಲಿ ಮತ್ತು ಎಲೆ ಹಚ್ಚಿ ತಿಕ್ಕಿ ಪಾಟಿಯನ್ನು ಕರ್ರಗೆ ಮಾಡುವುದು ದೊಡ್ಡ ಕೆಲಸ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರುಗಳಲ್ಲಿ ಒಂದರ ಅಂಕಿಯನ್ನೇ ಮೇಲೆ ಕೆಳಗೆ ಜೋಡಿಸಿ ಪಾಟಿಯ ಮೇಲೆ ಸರಸ್ವತಿಯನ್ನು ಬಿಡಿಸುತ್ತಿದ್ದರು. ಪೂಜೆಗೆ ಇಟ್ಟ ಪಾಟಿಯನ್ನು ಮರುದಿನದ ತನಕ ಮುಟ್ಟಬಾರದು, ಓದಬಾರದು ಎಂಬ ಕಟ್ಟಳೆಯನ್ನು ಮಾತ್ರ ನಾವು ಬಹಳ ಭಕ್ತಿಯಿಂದ ಪಾಲಿಸುತ್ತಿದ್ದೆವು.

ದಶಮಿಯ ಸಂಜೆ ಬನ್ನಿ ಮುಡಿದ ಮೇಲೆ ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ, ಮೂರನೆಯದಾಗಿ ಮಾಸ್ತರರ ಮನೆಗೆ. “ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಸರ್” ಎಂದು ಎಲೆ ಕೊಟ್ಟು ಕಾಲಿಗೆ ಬೀಳುವುದು. ಸಾಲಿಯಲ್ಲಿ ಹುಲಿಯಂತೆ ಇದ್ದ ಮಾಸ್ತರರು ಆ ಹೊತ್ತು ಹೆಂಡತಿಯನ್ನು ಕರೆದು, “ಹುಡುಗ್ರಿಗಿ ಚುರಮರಿ ಕೊಡ” ಅನ್ನುತ್ತಿದ್ದರು. ಅಪ್ಪಂದಿರು ಬನ್ನಿ ಕೊಡುವ ನೆವದಲ್ಲಿ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಗನ ಬಗ್ಗೆ ಮಾತು ಬರುತ್ತಿದ್ದದ್ದು ಆಗಲೇ. ಹಿಂದೂ ಮನೆ, ಮುಸ್ಲಿಮರ ಮನೆ ಎನ್ನದೆ ಬನ್ನಿ ಹಂಚುತ್ತಿದ್ದೆವು.

ಶೀಗಿ ಹುಣ್ಣಿಮೆಗೆ ಸಾಲಿಯ ಅರ್ಧ ಹುಡುಗರು ಚರಗ ಚೆಲ್ಲಲು ಹೊಲಕ್ಕೆ. ದೀಪಾವಳಿಗೆ ಸೆಗಣಿಯ ಪಾಂಡವರು, ಬಾಗಿಲಿಗೆ ಚೆಂಡುಹೂವು, ಸಂಜೆ ಆಣಿಪೀಣಿ ಹಿಡಿದುಕೊಂಡು ದನದ ಕೊಟ್ಟಿಗೆಗಳಿಗೆ ಬೆಳಕು ತೋರಿಸುತ್ತ ಹೋಗುವ ಹುಡುಗರ ಹಿಂಡು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಗುಡಿಗೆ ಹೋಗಿ ಬಂದರೆ ಅಲ್ಲಿಗೆ ಹಬ್ಬಗಳ ಸಾಲು ಮುಗಿಯಿತು. ಸೊಲ್ಲಾಪುರದ ಕಡೆಯ ಬೀಗರ ಮಕ್ಕಳಿಗೆ ದೊಡ್ಡ ಸೂಟಿ ದೀಪಾವಳಿಗೆ, ನಮಗೆ ದಸರೆಗೆ. ಗಡಿ ಊರಿನ ಹುಡುಗರು ಎರಡೂ ಸೂಟಿ ತೆಗೆದುಕೊಂಡುಬಿಡುತ್ತಿದ್ದರು!

ಇಷ್ಟು ಬರೆದು ಎಲ್ಲ ಚಂದ ಇತ್ತು ಅಂದರೆ ಸುಳ್ಳಾಗುತ್ತದೆ. ಸೆಗಣಿ ತಂದು ಸಾರಿಸಿದ ಹುಡುಗಿಯರಲ್ಲಿ ಏಳನೆಯ ಇಯತ್ತೆ ಮುಟ್ಟಿದವರನ್ನು ಬೆರಳ ಮೇಲೆ ಎಣಿಸಬಹುದು. ತಮ್ಮನನ್ನು ಬಗಲಲ್ಲಿ ಹೊತ್ತುಕೊಂಡೇ ಸಾಲಿಗೆ ಬರುತ್ತಿದ್ದ ಹುಡುಗಿ, ಅವನು ಅತ್ತರೆ ಎದ್ದು ಮನೆಗೆ ಹೋಗುತ್ತಿದ್ದಳು. ಗುಡಿಯ ಸಾಲಿಯಲ್ಲಿ ದಲಿತರ ಮಕ್ಕಳು ಕಟ್ಟೆಯ ಕೆಳಗೆ ಕೂತು ಕಲಿತದ್ದನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಾಸ್ತರರ ಮನೆಗೆ ಅವರೂ ಬನ್ನಿ ತರುತ್ತಿದ್ದರು. ಅದನ್ನು ಕೈಗೆ ಕೊಡುತ್ತಿದ್ದರೋ ಹೊಸ್ತಿಲ ಮೇಲೆ ಇಡುತ್ತಿದ್ದರೋ ಎಂದು ಆಗ ನಾವು ಗಮನಿಸಲಿಲ್ಲ. ಗಮನಿಸದೆ ಇದ್ದದ್ದೇ ತಪ್ಪು. ಊರು ಸಾಲಿಯ ಜೊತೆ ಇತ್ತು ಎಂದು ಬರೆಯುವಾಗ ಊರು ಅಂದರೆ ಯಾರು ಎಂದೂ ಕೇಳಬೇಕಾಗುತ್ತದೆ.

ಮತ್ತು ಕೆಲಸ. ಈ ಎರಡು ತಿಂಗಳು ನಮ್ಮ ಸೀಮೆಯಲ್ಲಿ ಹೊಲದ ಕೆಲಸ ಒಂದರ ಮೇಲೊಂದು. ಉತ್ತರಿ, ಹಸ್ತ ಮಳೆಗೆ ಹಿಂಗಾರಿ ಜೋಳದ ಬಿತ್ತಿಗಿ, ಸಜ್ಜಿ ತೆನಿಗೆ ಹಕ್ಕಿ ಕಾಯುವುದು, ಶೇಂಗಾ ಕೀಳುವುದು. ಕವಣಿ ಬೀಸಲು ಹುಡುಗನೇ ಬೇಕು, ಶೇಂಗಾ ಬಿಡಿಸಲು ಹುಡುಗಿಯೇ ಬೇಕು. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುತ್ತಿದ್ದವು. ಆದರೂ ಅದು ಎಂಟು ದಿನದ, ಹದಿನೈದು ದಿನದ ಮಾತು. ಬಿತ್ತಿಗಿ ಮುಗಿದರೆ ಹುಡುಗ ಮತ್ತೆ ಸಾಲಿಯಲ್ಲಿ. ಹುಡುಗ ಊರಲ್ಲೇ ಇರುತ್ತಿದ್ದನಲ್ಲ! ಮಾಸ್ತರರು ಸಂಜೆ ಹೊಲದ ಹಾದಿಯಲ್ಲಿ ಅವನನ್ನು ಹಿಡಿದು, “ಏನಲೇ, ನಾಳಿ ಬರತೀಯೋ ಇಲ್ಲೋ” ಎಂದು ಕೇಳಬಹುದಾಗಿತ್ತು.

1972ರ ಬರ ಬಂದಾಗ ಈ ಲೆಕ್ಕ ತಪ್ಪಿತು. ಕಲ್ಲು ಒಡೆಯುವ ಕಾಮಗಾರಿಗೆ ಅಪ್ಪ ಅವ್ವನ ಜೊತೆ ಮಕ್ಕಳೂ ಹೋದರು. ಆ ದಿನಗಳಲ್ಲಿ ಸಾಲಿಯಲ್ಲಿ ಹುಡುಗರನ್ನು ಹಿಡಿದು ಇಟ್ಟದ್ದು ಪುಸ್ತಕವಲ್ಲ, ಕೇರ್ ಸಂಸ್ಥೆಯ ಉಪ್ಪಿಟ್ಟು ಮತ್ತು ಹಾಲಿನ ಪುಡಿ. ಆ ಉಪ್ಪಿಟ್ಟಿನ ವಾಸನೆ ಇಂದಿಗೂ ನಮ್ಮ ವಯಸ್ಸಿನವರ ಮೂಗಿನಲ್ಲಿದೆ. ಬರ ಹೋಯಿತು, ಆದರೆ ಹಾದಿ ಉಳಿಯಿತು. ಒಮ್ಮೆ ದುಡಿಯಲು ಹೊರಗೆ ಹೋದ ಮನೆತನಕ್ಕೆ ಊರ ಹೊರಗಿನ ಹಾದಿ ಗೊತ್ತಾಯಿತು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಮಹಾನವಮಿ ಮುಗಿದು ದೀಪಾವಳಿ ಹತ್ತಿರ ಬರುವಾಗ ಸಕ್ಕರೆ ಕಾರಖಾನೆಗಳ ಹಂಗಾಮು ಸುರುವಾಗುತ್ತದೆ. ಮುಕಾದಮರು ಮುಂಚೆಯೇ ಮುಂಗಡ ಕೊಟ್ಟು ಟೋಳಿ ಕಟ್ಟಿರುತ್ತಾರೆ. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ತಾಂಡಾಗಳಿಂದ, ದಲಿತರ ಓಣಿಯಿಂದ, ಒಂದೆರಡು ಎಕರೆ ಒಣಬೇಸಾಯದ ಮನೆಗಳಿಂದ ಟ್ರ್ಯಾಕ್ಟರುಗಳ ಮೇಲೆ ಗಂಟುಮೂಟೆ, ಒಲೆಗುಂಡು, ಆಡು, ಕೋಳಿ, ಮಕ್ಕಳು ಎಲ್ಲ ಏರುತ್ತಾರೆ. ಕೆಲವರು ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರದ ಕಡೆ ಕಬ್ಬು ಕಡಿಯಲು, ಕೆಲವರು ಗೋವಾ, ಪುಣೆ, ಮಂಗಳೂರಿನ ಕಡೆ ಗಾರೆ ಕೆಲಸಕ್ಕೆ. ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ತಮಾಷೆ ನೋಡಿರಿ, ನಮ್ಮ ಇಂಡಿಯ ಕಡೆಯೇ ಈಗ ಕಬ್ಬು ಬೆಳೆದಿದೆ, ಕಾರಖಾನೆ ಎದ್ದಿದೆ, ಅಲ್ಲಿಗೆ ಕಡಿಯಲು ಬೀಡ ಸೀಮೆಯ ಟೋಳಿಗಳು ಬರುತ್ತವೆ. ಅವರ ಮಕ್ಕಳು ನಮ್ಮ ಹೊಲದ ಬದುವಿನ ಮೇಲೆ, ನಮ್ಮ ಮಕ್ಕಳು ಅವರ ಸೀಮೆಯ ಬದುವಿನ ಮೇಲೆ.

ಅಲ್ಲಿ ಮಗು ಏನು ಮಾಡುತ್ತದೆ? ಕೊಪ್ಪಿಯ ಕಾವಲು, ತಮ್ಮ ತಂಗಿಯ ಕಾವಲು, ವಾಡೆ ಮಾರುವುದು, ಕಬ್ಬಿನ ಕಟ್ಟು ಕಟ್ಟುವುದು. ಮಹಾರಾಷ್ಟ್ರದಲ್ಲಿ ಕಾರಖಾನೆಗಳ ಹತ್ತಿರ ಸಾಖರ ಶಾಳಾ ಎಂದು ನಡೆಸಿದರು. ಕಲಿಸುವುದು ಮರಾಠಿ, ನಮ್ಮ ಹುಡುಗನಿಗೆ ಬರುವುದು ಕನ್ನಡ, ಇಲ್ಲವೆ ಲಂಬಾಣಿ. ನಮ್ಮ ಸರಕಾರದವರು ಟೆಂಟ್ ಶಾಲೆ ಮಾಡಿದರು, ದುಡಿಯಲು ಹೋದವರ ಮಕ್ಕಳಿಗೆ ಹಂಗಾಮಿನ ವಸತಿ ಶಾಲೆ ಮಾಡಿದರು. ಎಲ್ಲೆಲ್ಲಿ ಆದವೋ ಅಲ್ಲಿ ಒಳ್ಳೆಯದೇ ಆಯಿತು. ಆದರೆ ಒಂದು ವರ್ಷ ಇದ್ದದ್ದು ಮರುವರ್ಷ ಇರುತ್ತದೆ ಎಂಬ ಭರವಸೆಯ ಮೇಲೆ ತಾಯಿ ಮಗುವನ್ನು ಬಿಟ್ಟು ಹೋಗಲಾರಳು.

ಹಾಗಾದರೆ ಸಾಲಿಯಲ್ಲಿ ಉಳಿದ ಮಕ್ಕಳು ಹೇಗೆ ಉಳಿದರು? ಇದನ್ನು ನಾವು ಮನೆಮನೆಗೆ ಹೋಗಿ ಕೇಳಿದೆವು. ಉತ್ತರ ಬಹಳ ಸಾದಾ ಇತ್ತು. ಆಯಿ ಇದ್ದ ಮನೆಯ ಮಗು ಉಳಿಯಿತು, ಆಯಿ ಇಲ್ಲದ ಮನೆಯ ಮಗು ಹೋಯಿತು. ದುಡಿಯಲಾರದ ಮುತ್ಯಾ, ಕಣ್ಣು ಮಂಜಾದ ಆಯಿ, ಇವರೇ ನಮ್ಮ ಸಾಲಿಯ ಹಾಜರಾತಿ ಅಧಿಕಾರಿಗಳು. ನಸುಕಿನಲ್ಲಿ ಎದ್ದು ಎರಡು ರೊಟ್ಟಿ ಬಡಿದು, ಹುಡುಗಿಯ ತಲೆ ಹಿಕ್ಕಿ, ಜಡೆ ಹಾಕಿ, ಕೈಹಿಡಿದು ಸಾಲಿಯ ಗೇಟಿನವರೆಗೆ ಬಂದು ಬಿಟ್ಟು ಹೋಗುವವರು. ಆಯಿಯೂ ಇಲ್ಲದ ಕೆಲವು ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯೇ ಮನೆ ನೋಡಿಕೊಂಡು, ತಮ್ಮನಿಗೆ ಅಡಿಗೆ ಮಾಡಿ ಹಾಕಿ, ತಾನೂ ಸಾಲಿಗೆ ಬಂದದ್ದನ್ನು ನಾವು ಕಂಡಿದ್ದೇವೆ.

ಹೊರಡುವ ಮುಂದೆ ಬಂದು ಮಾಸ್ತರರಿಗೆ ಕೈಮುಗಿಯುವ ತಾಯಂದಿರ ಮಾತು ಒಂದೇ: “ಹೆಸರ ಹೊಡಿಬ್ಯಾಡ್ರಿ ಸರ್, ಯುಗಾದಿಗಿ ಬರ್ತಾನ.” ಹಿಂದಿನ ಕಾಲಕ್ಕೆ ಹೆಸರು ಹೊಡೆಯುತ್ತಿದ್ದರು. ಯುಗಾದಿಗೆ ಬಂದ ಹುಡುಗ ನಾಚಿ ಸಾಲಿಯ ಕಡೆ ಮುಖ ಹಾಕುತ್ತಿರಲಿಲ್ಲ, ಕುರಿ ಕಾಯಲು ಹೋಗುತ್ತಿದ್ದ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಎಂಟನೆಯ ಇಯತ್ತೆ ಮುಗಿಯುವ ತನಕ ಮಗುವನ್ನು ಸಾಲಿಯಿಂದ ಹೊರಗೆ ಹಾಕುವಂತಿಲ್ಲ. ಇದು ದೊಡ್ಡ ಮಾತು. ಆದರೆ ಈಗ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಹುಡುಗ ಉಳಿಯುವುದಿಲ್ಲ. ಹೆಸರು ಇರುವುದರಿಂದ ಹುಡುಗ ಇಲ್ಲದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಕ್ಕಳನ್ನು ಸಾಲಿಯಲ್ಲಿ ಇಡುವಲ್ಲಿ ಅನ್ನದ ಪಾಲು ದೊಡ್ಡದು ಎಂಬುದನ್ನು ಒಪ್ಪಲೇಬೇಕು. 1995ರಿಂದ ನೂರಕ್ಕೆ ಎಂಬತ್ತು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು. ಆಯಿ ಚೀಲ ಹಿಡಿದುಕೊಂಡು ಬಂದು, “ನಮ್ಮ ಹುಡುಗಂದು ಹಾಜರಿ ತುಂಬೈತಿಲ್ರಿ?” ಎಂದು ಕೇಳುತ್ತಿದ್ದಳು. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಉತ್ತರದ ಏಳು ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಬಿಸಿಯೂಟ ಬಂದ ಮೇಲೆ ಆಯಿಗೆ ಮಧ್ಯಾಹ್ನದ ಚಿಂತೆ ತಪ್ಪಿತು. ಅಡಿಗೆಗೆ ನಿಂತವರು ಊರಿನ ತಾಯಂದಿರೇ. ಹಿಂದೆ ವರ್ಷಕ್ಕೊಮ್ಮೆ ಸಾರಿಸಲು ಬರುತ್ತಿದ್ದವರು ಈಗ ದಿನಾಲು ಸಾಲಿಗೆ ಬರತೊಡಗಿದರು. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ನಮ್ಮ ಜಿಲ್ಲೆಯ ಮಕ್ಕಳಿಗೂ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಬಂತು. ಮೊಟ್ಟೆಯ ಬಗ್ಗೆ ಆಗ ಎದ್ದ ವಾದ ನಿಮಗೆಲ್ಲ ನೆನಪಿದೆ. ಈಗ ಹುಡುಗರು ತಿಂದು ಮುಗಿಸಿದ್ದಾರೆ, ನಾವೂ ಮುಗಿಸೋಣ.

2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸಮಿತಿಯ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು ಎಂದಾಯಿತು. ಕಾಗದದ ಮೇಲೆ ಊರೇ ಸಾಲಿಯ ಯಜಮಾನ. ಆದರೆ ದುಡಿಯಲು ಹೋದ ಪಾಲಕರು ಯುಗಾದಿಯ ತನಕ ಸಭೆಗೆ ಬರುವುದು ಹೇಗೆ? ಯಾರ ಮಗು ಸಾಲಿ ಬಿಡುವ ಅಂಜಿಕೆ ಇದೆಯೋ ಅವರೇ ಸಭೆಯಲ್ಲಿ ಇರುವುದಿಲ್ಲ. ಇದ್ದವರು ಕಾಂಪೌಂಡ್ ಗೋಡೆಯ ಬಗ್ಗೆ ಮಾತಾಡಿ ಚಹಾ ಕುಡಿದು ಬರುತ್ತೇವೆ.

ನೀರಿನಿಂದಲೂ ನಮ್ಮ ಸೀಮೆಯ ಸಾಲಿಗಳು ಕದಲಿವೆ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಗಡಿಗಿ ಮೊಸರಿಗೆ ಹೆಸರಾದ ಕೊಲ್ಹಾರ ಮೊದಲಾಗಿ ಕೃಷ್ಣೆಯ ದಂಡೆಯ ಊರುಗಳು ಎದ್ದು ಬೇರೆ ಕಡೆ ಕೂತವು. ಸಾಲಿಯೂ ಎದ್ದಿತು. ಹೊಸ ಕಟ್ಟಡ ಚಂದ ಆಯಿತು, ಆದರೆ ಬನ್ನಿಗಿಡ ಹಿಂದೆ ನೀರಿನಲ್ಲಿ ಉಳಿಯಿತು ಎಂದು ಅಲ್ಲಿಯ ನಮ್ಮ ಬೀಗರೊಬ್ಬರು ಹೇಳಿದ್ದು ಮರೆಯುವಂತಿಲ್ಲ.

ಭೀಮೆಯ ಕಡೆ 2020ರ ಅಕ್ಟೋಬರದ ಮಹಾಪೂರ. ಕೊರೋನಾದಿಂದ ಸಾಲಿಗಳ ಬಾಗಿಲು ಹಾಕಿತ್ತು. ಗುಡಿಯ ಕಟ್ಟೆ, ಗಿಡದ ನೆರಳಿನಲ್ಲಿ ನಡೆಯುತ್ತಿದ್ದ ವಿದ್ಯಾಗಮವನ್ನೂ ಅಕ್ಟೋಬರ 10ಕ್ಕೆ ನಿಲ್ಲಿಸಿದ್ದರು. ವಾರ ಕಳೆಯುವುದರೊಳಗೆ ಇಂಡಿ, ಸಿಂದಗಿ ಕಡೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಮಕ್ಕಳಿಲ್ಲದ ಸಾಲಿಗಳಲ್ಲಿ ಕಾಳಜಿ ಕೇಂದ್ರ ತೆರೆದರು. ಆ ವರ್ಷ ಮಹಾನವಮಿಗೆ ಅಲ್ಲಿ ಇಡೀ ಕುಟುಂಬಗಳೇ ಸಾಲಿಯಲ್ಲಿದ್ದವು, ಪಾಠ ಮಾತ್ರ ಇರಲಿಲ್ಲ. ಜೋಳ ಬಿತ್ತುವ ಕಾಲವೂ ಕೈಬಿಟ್ಟಿತು. ದುಡಿಯಲು ಹೋಗದವರೂ ಆ ವರ್ಷ ಹೊರಟರು.

ಮೊನ್ನೆ 2025ರ ದಸರೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸೆಪ್ಟೆಂಬರ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರರು, ಅಕ್ಕೋರು ಮೊಬೈಲ್ ಹಿಡಿದುಕೊಂಡು ಮನೆಮನೆ ತಿರುಗಿದರು. ಸೂಟಿಯನ್ನು ಅಕ್ಟೋಬರ 18ರ ತನಕ ಬೆಳೆಸಿದರು. ನೆಟ್‌ವರ್ಕ್ ಇಲ್ಲವೆಂದು ಅವರು ಮಾಳಿಗೆ ಏರಿ ನಿಂತದ್ದನ್ನು ನೋಡಿ ನಕ್ಕವರಿದ್ದಾರೆ. ನಮಗೆ ಮಾತ್ರ ಹಳೆಯ ಪಂತೋಜಿ ನೆನಪಾದ. ಎಷ್ಟೋ ವರ್ಷಗಳ ಮೇಲೆ ಮಹಾನವಮಿಯಲ್ಲಿ ಗುರು ಊರಿನ ಪ್ರತಿಯೊಂದು ಬಾಗಿಲಿಗೆ ಬಂದು ನಿಂತಿದ್ದ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಹೊರಗೆ ಹೋಗುತ್ತಾರೆ, ಮಗು ಯಾರ ಹತ್ತಿರ ಇರುತ್ತದೆ ಎಂಬುದು ಆ ಒಂದು ತಿಂಗಳಲ್ಲಿ ಮಾಸ್ತರರಿಗೆ ಗೊತ್ತಾದಷ್ಟು ಯಾವ ಸಭೆಯಿಂದಲೂ ಗೊತ್ತಾಗಿರಲಿಲ್ಲ.

ಕೊನೆಗೆ ನಮ್ಮದೇ ಮನೆಯ ಮಾತು. ಸಂಘದ ಸಾಲದ ಪುಸ್ತಕವನ್ನೂ ಸಾಲಿಯ ಹಾಜರಿ ಪುಸ್ತಕವನ್ನೂ ಪಕ್ಕಕ್ಕೆ ಇಟ್ಟುಕೊಂಡು ನಾವು ನೋಡಿದೆವು. ಹೊಲ ಇದ್ದವರಿಗೆ ಬಿತ್ತಿಗಿ ಸಾಲ ಕೊಟ್ಟಿದ್ದೇವೆ, ಎಮ್ಮೆಗೆ ಕೊಟ್ಟಿದ್ದೇವೆ, ಮೋಟರಿಗೆ, ಪೈಪಿಗೆ ಕೊಟ್ಟಿದ್ದೇವೆ. ದೀಪಾವಳಿಯ ಮುಂದೆ ಮುಕಾದಮನ ಮುಂಗಡ ತೆಗೆದುಕೊಂಡ ಮನೆಗಳ ಹೆಸರು ಸಾಲದ ಪುಸ್ತಕದಲ್ಲಿ ಬಹಳ ಕಡಿಮೆ. ಅವರು ನಮ್ಮ ಹತ್ತಿರ ಬರಲಿಲ್ಲ, ನಾವೂ ಅವರನ್ನು ಕರೆಯಲಿಲ್ಲ. ಅವರಲ್ಲಿ ಅರ್ಧ ಮಂದಿ ಶೇರು ಸಹ ತೆಗೆದುಕೊಂಡಿಲ್ಲ. ಸಾವುಕಾರನ ಕಟ್ಟೆಯಿಂದ ಎಬ್ಬಿಸಲು ಹುಟ್ಟಿದ್ದು ಸಹಕಾರಿ ಸಂಘ. ಮುಕಾದಮನ ಟ್ರ್ಯಾಕ್ಟರು ಈಗಿನ ಕಟ್ಟೆ. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆ ಆಯಿತು. ಒಬ್ಬ ಹಿರಿಯರು, “ಬರೀರಿ, ಹಬ್ಬದಾಗ ಮನಿ ಸಾರಸೂ ಮುಂದ ಮೂಲಿಯೊಳಗಿನ ಕಸಾನೂ ತಗೀಬೇಕು” ಎಂದರು. ಬರೆದೆವು.

ಹೊರಗೆ ಹೋಗುವ ಮನೆಗಳಿಗೆ ಹಂಗಾಮಿನ ಮೊದಲು ಸಣ್ಣ ಸಾಲ, ಮಗುವನ್ನು ಇಟ್ಟುಕೊಂಡ ಆಯಿ ಮುತ್ಯಾರ ಕೈಗೆ ತಿಂಗಳ ಖರ್ಚಿಗೆ ಏನಾದರೂ ಏರ್ಪಾಡು, ಇವೆರಡನ್ನೂ ಬರುವ ಸರ್ವಸಾಧಾರಣ ಸಭೆಯ ಮುಂದೆ ಇಡಬೇಕೆಂದು ನಾವು ಅರ್ಜಿ ಕೊಟ್ಟಿದ್ದೇವೆ. ಸದಸ್ಯರು ಓದಿಕೊಂಡು ಬರಬೇಕು, ಸುಮ್ಮನೆ ಕೈ ಎತ್ತಲು ಬರಬಾರದು.

ಹೊರಡುವ ತಾಯಿ ತಂದೆಗಳಿಗೆ ಒಂದು ವಿನಂತಿ. ಬನ್ನಿ ಕೊಡಲು ಸರ್ ಅಥವಾ ಅಕ್ಕೋರ ಹತ್ತಿರ ಹೋದಾಗ, ಮಗು ಯಾರ ಮನೆಯಲ್ಲಿ ಇರುತ್ತದೆ, ರಾತ್ರಿ ಯಾರ ಹತ್ತಿರ ಮಲಗುತ್ತದೆ, ಮೈಯಲ್ಲಿ ನೆಟ್ಟಗಿಲ್ಲದಿದ್ದರೆ ಯಾರಿಗೆ ಹೇಳಬೇಕು ಎಂಬ ಮೂರು ಮಾತು ಹೇಳಿ ಹೋಗಿರಿ. ಸಂಘದ ಕಚೇರಿಯಲ್ಲಿ ಅದಕ್ಕೆಂದೇ ಒಂದು ವಹಿ ಇಟ್ಟಿದ್ದೇವೆ. ಆಯಿಗೆ ಓದಲು ಬಾರದಿದ್ದರೂ ನಡೆದೀತು, ಹೆಬ್ಬೆಟ್ಟು ಒತ್ತಿದರೆ ಸಾಕು.